ಫ್ಲ್ಯಾಶ್ ಹೊಡೆದ ಮುಖಕ್ಕೆ ಚರ್ಮದ ಬಣ್ಣ ಮರಳಿಸುವುದು

ಕೊಡಗಿನ ಮದುವೆ ಫೋಟೊಗಳಲ್ಲಿ ಒಂದು ದೋಷ ಪದೇ ಪದೇ ಕಾಣಸಿಗುತ್ತದೆ. ಗಂಡಸರು ತೊಡುವ ಉದ್ದ ನಿಲುವಂಗಿ, ಕಪ್ಪು ಕುಪ್ಯ ಚೆನ್ನಾಗಿ ಬಂದಿರುತ್ತದೆ, ಸೊಂಟಪಟ್ಟಿ ಚೇಲೆಯ ಕೆಂಪು ಸರಿಯಾಗಿರುತ್ತದೆ, ಅದಕ್ಕೆ ಸಿಕ್ಕಿಸಿದ ಪೀಚೆಕತ್ತಿಯ ಬೆಳ್ಳಿ ಕುಸುರಿ ಎಣಿಸುವಷ್ಟು ಸ್ಪಷ್ಟವಾಗಿರುತ್ತದೆ. ಆದರೆ ಹಣೆ, ಮೂಗಿನ ತುದಿ, ಕೆನ್ನೆಯ ಮೇಲ್ಭಾಗ ಮಾತ್ರ ಸುಣ್ಣ ಬಳಿದಂತೆ ಬೆಳ್ಳಗೆ. ಇದಕ್ಕೆ ಅರ್ಧ ಕಾರಣ ಆ ಕುಪ್ಯವೇ. ಲೆನ್ಸ್ ಮೂಲಕ ಬರುವ ಬೆಳಕನ್ನು ತಾನೇ ಅಳೆಯುವ ಟಿಟಿಎಲ್ ಮೋಡ್‌ನಲ್ಲಿರುವ ಫ್ಲ್ಯಾಶ್, ಎದುರಿಗಿರುವುದೆಲ್ಲ ಸರಾಸರಿ ನಡುಬೂದು ಎಂಬ ಲೆಕ್ಕದ ಮೇಲೆ ಬೆಳಕು ಕೊಡುತ್ತದೆ. ಚೌಕಟ್ಟಿನ ಬಹುಪಾಲನ್ನು ಕಪ್ಪು ಬಟ್ಟೆಯೋ ಐನ್‌ಮನೆಯ (ಕುಲದ ಮೂಲಮನೆ) ಮಾಗಿದ ಮರದ ಕಂಬವೋ ತುಂಬಿದ್ದರೆ ‘ಇಲ್ಲಿ ಬೆಳಕು ಸಾಲದು’ ಎಂದು ಅದು ಇನ್ನಷ್ಟು ಜೋರಾಗಿ ಹೊಡೆಯುತ್ತದೆ. ಆ ಹೆಚ್ಚಿನ ಬೆಳಕನ್ನು ಕಪ್ಪು ಬಟ್ಟೆ ನುಂಗಿಕೊಳ್ಳುತ್ತದೆ, ಮುಖ ನುಂಗಲಾರದು.

ಇನ್ನರ್ಧ ಕಾರಣ ಬೆವರು ಮತ್ತು ಚರ್ಮದ ಜಿಡ್ಡು. ವಾಲಗಕ್ಕೆ ಕುಣಿದು ಬಂದವರ ಮುಖದ ಮೇಲೆ ತೆಳುವಾದ ಪದರವೊಂದು ಕೂತಿರುತ್ತದೆ. ಫ್ಲ್ಯಾಶ್ ಬೆಳಕಿನ ಒಂದು ಭಾಗ ಚರ್ಮದೊಳಕ್ಕೆ ಹೋಗದೆ ಆ ಪದರದಿಂದಲೇ ನೇರ ಹಿಂದಿರುಗುತ್ತದೆ. ಚರ್ಮದೊಳಕ್ಕೆ ಹೋಗಿ ಬಂದ ಬೆಳಕಿಗೆ ಚರ್ಮದ ಬಣ್ಣ ಹತ್ತಿರುತ್ತದೆ. ಮೇಲಿನಿಂದಲೇ ಮರಳಿದ ಬೆಳಕು ಫ್ಲ್ಯಾಶ್‌ನ ಬಿಳಿಯನ್ನೇ ಹೊತ್ತು ತರುತ್ತದೆ. ಎಡಿಟಿಂಗ್‌ನಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ಹೊಳಪಿದ್ದ ಕಡೆ ಬೆಳಕು ಹೆಚ್ಚಾಗಿದೆ ಎಂದಷ್ಟೇ ತಿಳಿದು ಅದನ್ನು ಇಳಿಸುತ್ತಾರೆ. ಆದರೆ ಅಲ್ಲಿ ಬಣ್ಣವೂ ಹೋಗಿದೆ. ಉದಾಹರಣೆಗೆ, 0 ಎಂದರೆ ಕಪ್ಪು, 255 ಎಂದರೆ ಪೂರ್ತಿ ಬೆಳಕು ಎಂಬ ಅಳತೆಯಲ್ಲಿ ಕೆನ್ನೆಯ ಸರಿಯಾದ ಭಾಗದಲ್ಲಿ ಕೆಂಪು 198, ಹಸಿರು 150, ನೀಲಿ 122 ಇದೆ ಎನ್ನಿ. ಹೊಳೆಯುವ ಹಣೆಯಲ್ಲಿ ಅದು 252, 247, 240. ಇದನ್ನು ಬರೇ ಕಪ್ಪಾಗಿಸಿದರೆ ಸಿಗುವುದು 190, 186, 181ರ ಹಾಗಿನ ಬೂದು. ಅದು ಚರ್ಮವಲ್ಲ, ಬೂದಿ. ಬರ್ನ್ ಟೂಲ್ ಹಿಡಿದು ಹಣೆ ಉಜ್ಜಿದ ಫೋಟೊಗಳೆಲ್ಲ ಕಾಯಿಲೆ ಬಿದ್ದವರ ಮುಖದ ಹಾಗೆ ಕಾಣುವುದು ಇದೇ ಕಾರಣಕ್ಕೆ. ಬಣ್ಣ ಮೊದಲು, ಬೆಳಕು ಇಳಿಸುವುದು ಆಮೇಲೆ, ರೋಮರಂಧ್ರದ ವಿನ್ಯಾಸ ಕೊನೆಗೆ. ಸಾಮಾನ್ಯವಾಗಿ ಇದೇ ಕ್ರಮ.

ಮೊದಲು ಪರೀಕ್ಷೆ

ಫೋಟೊ ವಾಟ್ಸ್ಆ್ಯಪ್‌ನಲ್ಲಿ ಬಂದಿದ್ದರೆ ಕೆಲಸ ಶುರು ಮಾಡಬೇಡಿ. ಕಳಿಸಿದವರಿಗೆ ಹೇಳಿ ಮೂಲ ಫೈಲನ್ನು ಡಾಕ್ಯುಮೆಂಟ್ ಆಗಿ ತರಿಸಿಕೊಳ್ಳಿ, ಇಲ್ಲವೇ ಮೆಮೊರಿ ಕಾರ್ಡನ್ನೇ ಕೇಳಿ. ಸಾಮಾನ್ಯವಾಗಿ ಕಳಿಸಿದ ಚಿತ್ರ ಕುಗ್ಗಿ ಬರುತ್ತದೆ. ಹೊಳಪು ಇಳಿಸಿದ ಕೂಡಲೇ ಹಣೆಯ ಮೇಲೆ ಚೌಕ ಚೌಕ ಕಲೆಗಳು ಏಳುತ್ತವೆ. ಅದನ್ನು ಆಮೇಲೆ ಸರಿಮಾಡುವುದು ಬಹಳ ಕಷ್ಟ.

ಫೋಟೊಶಾಪ್‌ನಲ್ಲಿ ಇನ್ಫೋ ಪ್ಯಾನೆಲ್ ತೆರೆದು ಹೊಳಪಿನ ನಟ್ಟನಡುವೆ ಕರ್ಸರ್ ಇಡಿ. ಹಣಕೊಡದೆ ಸಿಗುವ ಗಿಂಪ್‌ನಲ್ಲಾದರೆ ಪಾಯಿಂಟರ್ ಡೈಲಾಗ್ ಇದೇ ಅಂಕಿ ತೋರಿಸುತ್ತದೆ. ಮೂರು ಅಂಕಿಗಳೂ 245ಕ್ಕಿಂತ ಕೆಳಗಿದ್ದರೆ ಬರೀ ಹೊಳಪು, ಕೆಲಸ ಸುಲಭ. ಕೆಂಪು ಮಾತ್ರ 255ಕ್ಕೆ ಮುಟ್ಟಿ ಹಸಿರು, ನೀಲಿ ಕೆಳಗಿದ್ದರೆ ಅರ್ಧ ಸುಟ್ಟಿದೆ, ಅಂದರೆ ಬೆಳಕು ಮಿತಿಮೀರಿ ಆ ಬಣ್ಣದ ವಿವರ ಅಳಿದಿದೆ ಎಂದರ್ಥ. ಚರ್ಮದಲ್ಲಿ ಕೆಂಪೇ ಹೆಚ್ಚಿರುವುದರಿಂದ ಮೊದಲು ಸುಡುವ ಚಾನೆಲ್ (ಚಿತ್ರದ ಮೂರು ಬಣ್ಣದ ಪದರಗಳಲ್ಲಿ ಒಂದು) ಅದೇ. ಮೂರೂ 255 ಎಂದರೆ ಅಲ್ಲಿ ಮಾಹಿತಿಯೇ ಇಲ್ಲ, ಮರಳಿ ತರುವುದಕ್ಕಲ್ಲ, ಹೊಸದಾಗಿ ಕಟ್ಟುವುದಕ್ಕೆ ಸಿದ್ಧರಾಗಬೇಕು. ಕಂಟ್ರೋಲ್ ಜೊತೆ 3, 4, 5 ಒತ್ತಿ ಕೆಂಪು, ಹಸಿರು, ನೀಲಿ ಚಾನೆಲ್‌ಗಳನ್ನು ಒಂದೊಂದಾಗಿ ನೋಡಿ; ಕಂಟ್ರೋಲ್ 2 ಒತ್ತಿದರೆ ಮತ್ತೆ ಪೂರ್ಣ ಚಿತ್ರ. ಕೆಂಪಿನಲ್ಲಿ ಬೋಳಾಗಿರುವ ಹಣೆ ನೀಲಿಯಲ್ಲಿ ಸುಕ್ಕು, ರಂಧ್ರಗಳ ಸಮೇತ ಕಾಣುವುದು ಎಷ್ಟೋ ಸಲ ಉಂಟು.

ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದೆ ಉಳಿಸಿದ ಮೂಲ) ಇದ್ದರೆ ಅಲ್ಲಿಂದಲೇ ಶುರು ಮಾಡಿ. 12 ಅಥವಾ 14 ಬಿಟ್‌ನ ರಾ ಫೈಲ್‌ನಲ್ಲಿ ಜೆಪೆಗ್‌ಗಿಂತ ಹೆಚ್ಚು ಹೈಲೈಟ್, ಅಂದರೆ ಬೆಳ್ಳಗಿನ ಭಾಗದ ವಿವರ ಉಳಿದಿರುತ್ತದೆ. ಲೈಟ್‌ರೂಮ್ ಅಥವಾ ಕ್ಯಾಮೆರಾ ರಾದಲ್ಲಿ ಮಾಸ್ಕಿಂಗ್‌ಗೆ (ತಿದ್ದುವ ಜಾಗವನ್ನಷ್ಟೇ ಬೇರ್ಪಡಿಸುವ ಸೌಲಭ್ಯ) ಹೋಗಿ ಪೀಪಲ್ ಆಯ್ಕೆಯಲ್ಲಿ ಮುಖದ ಚರ್ಮವನ್ನು ಮಾತ್ರ ಆರಿಸಿ, ಅದನ್ನು ಲ್ಯೂಮಿನನ್ಸ್ ರೇಂಜ್ ಜೊತೆ ಇಂಟರ್‌ಸೆಕ್ಟ್ ಮಾಡಿ, 75ರಿಂದ 100ರ ನಡುವಿನ ಬೆಳಕಷ್ಟೇ ಉಳಿಯುವಂತೆ ಇಡಿ. ಹೈಲೈಟ್ಸ್ ಮೈನಸ್ 40ರಿಂದ 60, ಟೆಂಪರೇಚರ್ ಪ್ಲಸ್ 5ರಿಂದ 8, ಸ್ಯಾಚುರೇಶನ್ ಪ್ಲಸ್ 8ರ ಸುತ್ತಮುತ್ತ ಸಾಕು. ಕ್ಲಾರಿಟಿಯನ್ನು ಹೆಚ್ಚಿಸಬೇಡಿ, ಹೊಳಪಿನ ಅಂಚು ಗಟ್ಟಿಯಾಗಿ ಎದ್ದು ಕಾಣುತ್ತದೆ. ಹಣಕೊಡದೆ ಸಿಗುವ ಡಾರ್ಕ್‌ಟೇಬಲ್, ರಾಥೆರಪಿಗಳಲ್ಲೂ ಹೈಲೈಟ್ ಮರುನಿರ್ಮಾಣದ ಸೌಲಭ್ಯ ಇದೆ, ಅದನ್ನು ಆನ್ ಮಾಡಿಯೇ ಫೈಲ್ ಹೊರತೆಗೆಯಿರಿ. ಎಷ್ಟೋ ಫೋಟೊಗಳಿಗೆ ಇಷ್ಟೇ ಸಾಕಾಗುತ್ತದೆ.

ಡಾರ್ಕನ್ ಲೇಯರ್

ಉಳಿದವಕ್ಕೆ ನಂಬಬಹುದಾದ ವಿಧಾನ ಇದೊಂದೇ ಎಂದರೂ ತಪ್ಪಿಲ್ಲ. ಫೋಟೊಶಾಪ್, ಗಿಂಪ್, ಬ್ರೌಸರ್‌ನಲ್ಲೇ ನಡೆಯುವ ಫೋಟೊಪಿಯಾ, ಎಲ್ಲದರಲ್ಲೂ ಮಾಡಬಹುದು.

ಸಾಫ್ಟ್‌ವೇರ್‌ನಲ್ಲಿ ಸೌಲಭ್ಯ ಇದ್ದರೆ ಮೊದಲು ಚಿತ್ರವನ್ನು 16 ಬಿಟ್‌ಗೆ ಬದಲಿಸಿ. ಮೇಲೆ ಒಂದು ಖಾಲಿ ಲೇಯರ್ (ಚಿತ್ರದ ಮೇಲೆ ಹೊದಿಸುವ ಪಾರದರ್ಶಕ ಪದರ) ಸೇರಿಸಿ ಅದರ ಮೋಡನ್ನು, ಅಂದರೆ ಕೆಳಗಿನ ಚಿತ್ರದೊಂದಿಗೆ ಬೆರೆಯುವ ರೀತಿಯನ್ನು, ಡಾರ್ಕನ್‌ಗೆ ಇಡಿ. ಗಿಂಪ್‌ನಲ್ಲಿ ಇದರ ಹೆಸರು ಡಾರ್ಕನ್ ಓನ್ಲಿ. ಈ ಮೋಡ್ ಪ್ರತಿ ಚಾನೆಲ್‌ನಲ್ಲೂ ಕೆಳಗಿನ ಚಿತ್ರ ಮತ್ತು ನೀವು ಬಳಿದ ಬಣ್ಣ ಎರಡನ್ನೂ ಹೋಲಿಸಿ, ಯಾವುದು ಕಡಿಮೆಯೋ ಅದನ್ನು ಉಳಿಸಿಕೊಳ್ಳುತ್ತದೆ. ಅಂದರೆ ನಿಮ್ಮ ಬಣ್ಣಕ್ಕಿಂತ ಬೆಳ್ಳಗಿರುವ ಹೊಳಪಿಗೆ ಮಾತ್ರ ಬಣ್ಣ ಹತ್ತುತ್ತದೆ. ಹುಬ್ಬಿನ ಕೂದಲು, ಸುಕ್ಕಿನ ಗೆರೆ, ಕುಂಕುಮ, ಮೀಸೆ, ಇವೆಲ್ಲ ಅದಾಗಲೇ ಕಪ್ಪಾಗಿರುವುದರಿಂದ ತಂಟೆಯಿಲ್ಲದೆ ಹಾಗೇ ಉಳಿಯುತ್ತವೆ.

ಬಣ್ಣ ಎತ್ತುವ ಐಡ್ರಾಪರ್‌ಗೆ ಸ್ಯಾಂಪಲ್ ಸೈಜ್ 5×5 ಅಥವಾ 11×11 ಸರಾಸರಿ ಇಡಿ. ಒಂದೇ ಪಿಕ್ಸೆಲ್‌ನಿಂದ ಎತ್ತಿದರೆ ಯಾವುದೋ ರಂಧ್ರದ ಕಪ್ಪೋ ಕಣದ ಬಣ್ಣವೋ ಬರುತ್ತದೆ. ಎಲ್ಲಿಂದ ಎತ್ತಬೇಕು ಎನ್ನುವುದು ಇನ್ನೂ ಮುಖ್ಯ: ಹೊಳಪಿನ ಅಂಚು ಮುಗಿದ ಕೂಡಲೇ ಸಿಗುವ ಚರ್ಮದಿಂದ, ಮುಖದ ಅದೇ ಭಾಗದಿಂದ. ಕೆನ್ನೆಯ ಬಣ್ಣ ತಂದು ಹಣೆಗೆ ಬಳಿಯಬೇಡಿ. ಕೆನ್ನೆ, ಮೂಗು ಕೆಂಪಗೆ, ಹಣೆ ಸ್ವಲ್ಪ ಹಳದಿ, ಗಡ್ಡ ಬೋಳಿಸಿದ ಜಾಗ ತುಸು ನೀಲಿ. ಹಣೆಯೊಂದಕ್ಕೇ ಎಡಕ್ಕೊಂದು, ಬಲಕ್ಕೊಂದು, ಕೂದಲಿನ ಬದಿಗೊಂದು ಎಂದು ಮೂರ್ನಾಲ್ಕು ಸಲ ಬಣ್ಣ ಎತ್ತಬೇಕಾಗುತ್ತದೆ. ಬಿಸಿಲಿಗೆ ತೋಟದಲ್ಲಿ ದುಡಿಯುವವರ ಹಣೆಯಲ್ಲಿ ಟೊಪ್ಪಿಯ ಗೆರೆಯ ಮೇಲೊಂದು ಬಣ್ಣ, ಕೆಳಗೊಂದು ಬಣ್ಣ ಇರುವುದನ್ನೂ ಗಮನಿಸಿ. ಗೆರೆ ದಾಟಿ ಬಣ್ಣ ಒಯ್ದರೆ ಮುಖದ ಗುರುತೇ ಬದಲಾಗುತ್ತದೆ.

ಬ್ರಷ್‌ನ ಗಾತ್ರ ಹೊಳಪಿನ ಅಗಲದ ಅರ್ಧದಷ್ಟು, ಹಾರ್ಡ್‌ನೆಸ್ (ಅಂಚಿನ ಗಡಸು) 0, ಒಪಾಸಿಟಿ (ಬಣ್ಣದ ದಟ್ಟತೆ) 10ರಿಂದ 15 ಪ್ರತಿಶತ. ಅಂಚಿನಿಂದ ನಡುವಿಗೆ, ಒಂದರ ಮೇಲೊಂದು ತೆಳು ಎಳೆಗಳಾಗಿ ಬಳಿಯಿರಿ. ಚಿತ್ರವನ್ನು 100 ಪ್ರತಿಶತದಲ್ಲಿಟ್ಟು ಕೆಲಸ ಮಾಡಿ, ಆಗಾಗ 25ಕ್ಕೆ ಇಳಿಸಿ ಇಡೀ ಮುಖ ನೋಡಿ. ಹೊಳಪೆಲ್ಲ ಹೋಯಿತು ಎನ್ನಿಸುವಷ್ಟು ಬಳಿದ ಮೇಲೆ ಲೇಯರ್‌ನ ಒಟ್ಟು ಒಪಾಸಿಟಿಯನ್ನು 50ರಿಂದ 65ಕ್ಕೆ ಇಳಿಸಿ. ಇದನ್ನು ಬಿಡಬಾರದು. ಹಣೆಯ ಉಬ್ಬು, ಮೂಗಿನ ಏಣು, ಕೆನ್ನೆಯ ದುಂಡು ನಮಗೆ ಕಾಣುವುದೇ ಅಲ್ಲಿನ ಬೆಳಕಿನಿಂದ. ಪೂರ್ತಿ ಒರೆಸಿದರೆ ಮುಖ ಚಪ್ಪಟೆಯಾಗುತ್ತದೆ. ಹೊಳಪಿನಲ್ಲಿ ಮೂರನೇ ಒಂದರಷ್ಟು ಉಳಿಯಲಿ.

ಅಂಚಿನಲ್ಲಿ ಹಳದಿ ಉಂಗುರ ಕಂಡರೆ ಎತ್ತಿದ ಬಣ್ಣ ತೀರಾ ಕಪ್ಪಾಗಿತ್ತು ಎಂದರ್ಥ. ಸ್ವಲ್ಪ ತಿಳಿ ಜಾಗದಿಂದ ಮತ್ತೆ ಎತ್ತಿ. ನಡುವೆ ಬೂದು ಉಳಿದಿದ್ದರೆ ಇನ್ನೊಂದು ಖಾಲಿ ಲೇಯರ್ ಸೇರಿಸಿ, ಮೋಡನ್ನು ಕಲರ್‌ಗೆ ಇಟ್ಟು, ಅದೇ ಚರ್ಮದ ಬಣ್ಣವನ್ನು ಒಪಾಸಿಟಿ 10ರಲ್ಲಿ ಬಳಿಯಿರಿ. ಬೆಳಕು ಬದಲಾಗದೆ ಬಣ್ಣ ಮಾತ್ರ ತುಂಬುತ್ತದೆ.

ಹೊಳಪು ಚೆದುರಿದ್ದು ಬ್ರಷ್ ಹಿಡಿದು ಸುತ್ತುವುದು ಕಷ್ಟವೆನಿಸಿದರೆ ಮಾಸ್ಕ್‌ನ ಸಹಾಯ ಪಡೆಯಿರಿ. ಗಿಂಪ್‌ನಲ್ಲಿ ಚಿತ್ರದ ನಕಲು ಲೇಯರ್‌ಗೆ ಮಾಸ್ಕ್ ಸೇರಿಸುವಾಗ ಗ್ರೇಸ್ಕೇಲ್ ಕಾಪಿ ಆಫ್ ಲೇಯರ್ ಎಂಬುದನ್ನು ಆರಿಸಿ, ಆಮೇಲೆ ಮಾಸ್ಕ್‌ನ ಮೇಲೆ ಲೆವೆಲ್ಸ್ ತೆರೆದು ಕಪ್ಪಿನ ಬಿಂದುವನ್ನು 170ರವರೆಗೆ ತಳ್ಳಿ. ಹೊಳಪಿನ ಭಾಗ ಮಾತ್ರ ಬಿಳಿಯಾಗಿ ಉಳಿಯುತ್ತದೆ, ಅಲ್ಲಿ ಮಾತ್ರ ತಿದ್ದುಪಡಿ ಕೆಲಸ ಮಾಡುತ್ತದೆ. ಫೋಟೊಶಾಪ್‌ನಲ್ಲಿ ಲೇಯರ್ ಮೇಲೆ ಎರಡು ಸಲ ಕ್ಲಿಕ್ಕಿಸಿ, ಬ್ಲೆಂಡ್ ಇಫ್‌ನ ಕೆಳಗಿನ ಸಾಲಿನಲ್ಲಿ ಕಪ್ಪು ಗುಂಡಿಯನ್ನು ಆಲ್ಟ್ ಹಿಡಿದು ಒಡೆದು 180 ಮತ್ತು 220ರಲ್ಲಿ ಇಟ್ಟರೆ ಅದೇ ಫಲ. ಆದರೆ ಬಿಳಿ ಕುಪ್ಯ ತೊಟ್ಟ ಮದುಮಗನ ಫೋಟೊದಲ್ಲಿ ಬಟ್ಟೆಯೂ ಈ ಬಲೆಗೆ ಬೀಳುತ್ತದೆ. ಮುಖವನ್ನು ಮೊದಲು ಲಾಸೊದಿಂದ ಸುತ್ತಿ ಬೇರ್ಪಡಿಸಿಕೊಳ್ಳಿ.

ಅರ್ಧ ಸುಟ್ಟದ್ದು, ಪೂರ್ತಿ ಸುಟ್ಟದ್ದು

ಕೆಂಪು ಮಾತ್ರ ಸುಟ್ಟಿದ್ದರೆ ಉಳಿದ ಚಾನೆಲ್‌ನಿಂದ ಸಾಲ ತರಬಹುದು. ಹಿನ್ನೆಲೆ ಲೇಯರನ್ನು ನಕಲು ಮಾಡಿ, ಇಮೇಜ್ ಮೆನುವಿನ ಅಪ್ಲೈ ಇಮೇಜ್ ತೆರೆದು, ಚಾನೆಲ್ ಹಸಿರು, ಬ್ಲೆಂಡಿಂಗ್ ಮಲ್ಟಿಪ್ಲೈ ಎಂದು ಕೊಡಿ. ಆ ನಕಲಿನ ಮೋಡನ್ನು ಲ್ಯೂಮಿನಾಸಿಟಿಗೆ ಬದಲಿಸಿ, ಕಪ್ಪು ಮಾಸ್ಕ್ ಹಾಕಿ, ಹೊಳಪಿದ್ದ ಕಡೆ ಮಾತ್ರ ಬಿಳಿ ಬ್ರಷ್‌ನಿಂದ ತೆರೆಯಿರಿ. ಒಪಾಸಿಟಿ 20ರಿಂದ 30 ಸಾಕು. ಕಳೆದೇ ಹೋಯಿತು ಎಂದುಕೊಂಡಿದ್ದ ಸುಕ್ಕು, ರಂಧ್ರಗಳು ಹಸಿರು ಚಾನೆಲ್‌ನಿಂದ ಮೇಲೆದ್ದು ಬರುತ್ತವೆ. ಇದರ ಮೇಲೆ ಡಾರ್ಕನ್ ಲೇಯರ್ ಹಾಕಿದರೆ ಫಲಿತಾಂಶ ಅಪ್ಪಟ ಚರ್ಮದ್ದೇ.

ಮೂರೂ ಚಾನೆಲ್ ಸುಟ್ಟ ಕಡೆ ಬಣ್ಣ ಬಳಿದರೆ ಪ್ಲಾಸ್ಟಿಕ್ ತೇಪೆಯ ಹಾಗೆ ನುಣ್ಣಗೆ ಉಳಿಯುತ್ತದೆ. ಅಲ್ಲಿ ವಿನ್ಯಾಸವನ್ನು ಅದೇ ಮುಖದ ಬೇರೆ ಜಾಗದಿಂದ ತರಬೇಕು. ಬಣ್ಣವನ್ನೂ ವಿನ್ಯಾಸವನ್ನೂ ಬೇರೆ ಬೇರೆ ಲೇಯರ್‌ಗೆ ಬಿಡಿಸುವ ಫ್ರೀಕ್ವೆನ್ಸಿ ಸೆಪರೇಶನ್ ಇದಕ್ಕೇ ಇರುವುದು. ಈವರೆಗಿನ ಕೆಲಸವನ್ನೆಲ್ಲ ಒಂದು ಲೇಯರ್ ಆಗಿ ಸೇರಿಸಿ, ಅದರ ಎರಡು ನಕಲು ಮಾಡಿ. ಕೆಳಗಿನದಕ್ಕೆ ಗಾಸಿಯನ್ ಬ್ಲರ್ ಕೊಡಿ; 24 ಮೆಗಾಪಿಕ್ಸೆಲ್ ಫೋಟೊದಲ್ಲಿ ಮುಖ ದೊಡ್ಡದಾಗಿದ್ದರೆ 8 ಪಿಕ್ಸೆಲ್ ಸುತ್ತಮುತ್ತ, ರಂಧ್ರಗಳು ಕಾಣದಾಗುವವರೆಗೆ. ಮೇಲಿನದರಲ್ಲಿ ಅಪ್ಲೈ ಇಮೇಜ್ ತೆರೆದು ಮೂಲವಾಗಿ ಬ್ಲರ್ ಲೇಯರನ್ನು ಆರಿಸಿ. 8 ಬಿಟ್ ಚಿತ್ರಕ್ಕೆ ಸಬ್‌ಟ್ರ್ಯಾಕ್ಟ್, ಸ್ಕೇಲ್ 2, ಆಫ್‌ಸೆಟ್ 128. 16 ಬಿಟ್‌ಗೆ ಇನ್ವರ್ಟ್ ಗುರುತು ಹಾಕಿ ಆ್ಯಡ್, ಸ್ಕೇಲ್ 2, ಆಫ್‌ಸೆಟ್ 0. ಕೊನೆಗೆ ಮೇಲಿನ ಲೇಯರ್‌ನ ಮೋಡ್ ಲೀನಿಯರ್ ಲೈಟ್. ಚಿತ್ರ ಮೊದಲಿನಂತೆಯೇ ಕಂಡರೆ ಎಲ್ಲ ಸರಿಯಿದೆ. ಬದಲಾಗಿ ಕಂಡರೆ ಯಾವುದೋ ಅಂಕಿ ತಪ್ಪಿದೆ. ಗಿಂಪ್‌ನಲ್ಲಿ ಇಷ್ಟೆಲ್ಲ ಬೇಡ, ಎನ್‌ಹಾನ್ಸ್ ಪಟ್ಟಿಯಲ್ಲಿರುವ ವೇವ್ಲೆಟ್ ಡೀಕಂಪೋಸ್ ಒಂದೇ ಏಟಿಗೆ ಪದರಗಳನ್ನು ಬಿಡಿಸಿ ಕೊಡುತ್ತದೆ.

ಈಗ ಮೇಲಿನ, ಅಂದರೆ ವಿನ್ಯಾಸದ ಲೇಯರ್‌ನಲ್ಲಿ ಕ್ಲೋನ್ ಸ್ಟ್ಯಾಂಪ್ ಹಿಡಿದು, ಸ್ಯಾಂಪಲ್ ಕರೆಂಟ್ ಲೇಯರ್ ಎಂದಿಟ್ಟು, ಹಣೆಯ ಚೆನ್ನಾಗಿರುವ ಭಾಗದಿಂದ ಬೋಳು ಜಾಗಕ್ಕೆ ರಂಧ್ರಗಳನ್ನು ತನ್ನಿ. ಸುಕ್ಕಿನ ಗೆರೆ ಅಡ್ಡ ಹೋಗುತ್ತಿದ್ದರೆ ಅಡ್ಡವೇ ಜೋಡಿಸಿ. ಒಂದೇ ಜಾಗದಿಂದ ಮೂರು ಸಲ ತಂದರೆ ಪುನರಾವರ್ತನೆ ಕಣ್ಣಿಗೆ ಹೊಡೆಯುತ್ತದೆ. ಕೊನೆಗೆ 50 ಪ್ರತಿಶತ ಬೂದು ತುಂಬಿದ ಓವರ್‌ಲೇ ಲೇಯರ್‌ಗೆ 3 ಪ್ರತಿಶತ ಏಕವರ್ಣದ ನಾಯ್ಸ್ (ಸಣ್ಣ ಕಣಗಳು) ಕೊಟ್ಟು, ತೇಪೆ ಹಾಕಿದ ಕಡೆಗಷ್ಟೇ ಮಾಸ್ಕ್ ಮಾಡಿದರೆ ಸುತ್ತಲಿನ ಕಣಕ್ಕೆ ಅದು ಹೊಂದಿಕೊಳ್ಳುತ್ತದೆ.

ಕನ್ನಡಕ

ಮನೆಯ ಹಿರಿಯರ ಫೋಟೊಗಳಲ್ಲಿ ನಿಜವಾದ ಕಷ್ಟ ಇದು. ಗಾಜಿನ ಮೇಲೆ ಚಿಕ್ಕ ಬಿಳಿ ಚುಕ್ಕಿ ಇದ್ದರೆ ಕ್ಲೋನ್ ಸ್ಟ್ಯಾಂಪನ್ನು ಡಾರ್ಕನ್ ಮೋಡ್‌ನಲ್ಲಿ, ಒಪಾಸಿಟಿ 20ರಲ್ಲಿ ಬಳಸಿ ತೆಗೆಯಬಹುದು. ಗಾಜಿನ ಲೇಪನದಿಂದ ಹಸಿರೋ ನೇರಳೆಯೋ ಮಬ್ಬು ಕವಿದು, ಕಣ್ಣು ಹಿಂದೆ ಮಸುಕಾಗಿ ಕಾಣುತ್ತಿದ್ದರೆ ಅದೃಷ್ಟ. ಗಾಜಿನ ಒಳಗಷ್ಟೇ ಮಾಸ್ಕ್ ಮಾಡಿ ಮಬ್ಬು ತೆಗೆಯುವ ಡೀಹೇಜ್ ಪ್ಲಸ್ 15ರಿಂದ 25 ಕೊಡಿ, ಬ್ಲ್ಯಾಕ್ಸ್ ತುಸು ಇಳಿಸಿ, ಉಳಿದ ಬಣ್ಣದ ಛಾಯೆಗೆ ಕಲರ್ ಮೋಡ್‌ನಲ್ಲಿ ಚರ್ಮದ ಬಣ್ಣ ಬಳಿಯಿರಿ. ಕಣ್ಣಿನ ಬಿಳಿಯ ಮೇಲೆ ಆ ಬಣ್ಣ ಹೋಗದಿರಲಿ.

ಕಣ್ಣೇ ಕಾಣದಷ್ಟು ಬಿಳಿಯಾಗಿದ್ದರೆ ಅದೇ ಹೊತ್ತಿನಲ್ಲಿ ತೆಗೆದ ಇನ್ನೊಂದು ಫೋಟೊ ಹುಡುಕಿ. ಸಾಲಾಗಿ ತೆಗೆದ ಫೋಟೊಗಳಲ್ಲಿ ತಲೆ ತುಸು ತಿರುಗಿದರೂ ಗಾಜು ಹೊಳೆಯದ ಒಂದಾದರೂ ಸಿಗುತ್ತದೆ. ಆ ಕಣ್ಣನ್ನು ಫ್ರೇಮ್‌ನ ಒಳಭಾಗ ಮಾತ್ರ ಆಯ್ದು ತಂದು ಅಂಟಿಸಿ, ಒಪಾಸಿಟಿ 50ಕ್ಕೆ ಇಳಿಸಿ, ಕಂಟ್ರೋಲ್ ಟಿ ಒತ್ತಿ ಕಣ್ಣಿನ ಎರಡು ಮೂಲೆಗಳನ್ನು ಹೊಂದಿಸಿ; ಆಮೇಲೆ ಪೂರ್ಣಕ್ಕೆ ತಂದು ಮಾಸ್ಕ್‌ನಿಂದ ಅಂಚು ಬೆಸೆಯಿರಿ. ಬೇರೆ ಫೋಟೊ ಇಲ್ಲದಾಗ ಇನ್ನೊಂದು ಕಣ್ಣನ್ನೇ ಕನ್ನಡಿ ತಿರುಗಿಸಿ ತರುವುದುಂಟು. ಅವರು ನೇರ ಲೆನ್ಸನ್ನೇ ನೋಡುತ್ತಿದ್ದರೆ ಮಾತ್ರ ಇದು ನಡೆಯುತ್ತದೆ. ಪಕ್ಕಕ್ಕೆ ನೋಡುತ್ತಿದ್ದರೆ ಮೆಳ್ಳೆಗಣ್ಣಾಗುತ್ತದೆ. ಕಣ್ಣಿನೊಳಗಿನ ಬೆಳಕಿನ ಚುಕ್ಕಿಯೂ ತಿರುಗಿರುತ್ತದೆ, ಅದನ್ನು ಅಳಿಸಿ ಸರಿಯಾದ ಬದಿಯಲ್ಲಿ ಮತ್ತೆ ಇಡಿ.

ಜನರೇಟಿವ್ ಫಿಲ್ ಕೊಟ್ಟರೆ ಕ್ಷಣದಲ್ಲಿ ಒಂದು ಕಣ್ಣು ಬಂದು ಕೂರುತ್ತದೆ ನಿಜ. ಆದರೆ ಅದು ಯಾರದೂ ಅಲ್ಲದ ಕಣ್ಣು. ಮುಂದೆ ಗೋಡೆಗೆ ಹಾಕಿ ಹಾರ ಹಾಕುವ ಫೋಟೊಗೆ ಅದನ್ನು ಬಳಸಬೇಡಿ. ಗಾಜಿನ ಮೇಲೆ ಅರ್ಧ ಹೊಳಪು ಉಳಿದರೂ ಪರವಾಗಿಲ್ಲ, ಅಜ್ಜನ ಕಣ್ಣು ಅಜ್ಜನದೇ ಆಗಿರಬೇಕು.

ಉಳಿದ ತೊಂದರೆಗಳು

ಸುಗ್ಗಿಹಬ್ಬ ಪುತ್ತರಿಯ ರಾತ್ರಿ ಕದಿರು ತೆಗೆಯುವಾಗಲೋ ಮದುವೆಯ ಗಂಗಾಪೂಜೆಯ ಹೊತ್ತಿನಲ್ಲೋ ಮಂಜು ಇಳಿದಿದ್ದರೆ ಫ್ಲ್ಯಾಶ್ ಆ ಹನಿಗಳಿಗೇ ಬಡಿದು ಹಿಂದಿರುಗಿ ದುಂಡಗಿನ ಬಿಳಿ ಮಚ್ಚೆಗಳಾಗುತ್ತವೆ. ಕಪ್ಪು ಕುಪ್ಯದ ಮೇಲಿನವು ಸ್ಪಾಟ್ ಹೀಲಿಂಗ್‌ಗೆ ಸುಲಭವಾಗಿ ಹೋಗುತ್ತವೆ. ಮುಖದ ಮೇಲಿನವನ್ನು ಡಾರ್ಕನ್ ಲೇಯರ್‌ನಲ್ಲೇ ತೆಗೆಯಿರಿ. ಇಡೀ ಚಿತ್ರಕ್ಕೆ ಡೀಹೇಜ್ ಕೊಡುವುದಾದರೆ ಮುಖವನ್ನು ಮಾಸ್ಕ್ ಮಾಡಿ ಹೊರಗಿಡಿ, ಇಲ್ಲದಿದ್ದರೆ ಇಳಿಸಿದ ಹೊಳಪೆಲ್ಲ ಮತ್ತೆ ಏಳುತ್ತದೆ.

ಜೋಮಾಲೆ, ಪತ್ತಾಕ್, ಕೊಕ್ಕೆತಾತಿಯಂಥ ಒಡವೆಗಳ ಹೊಳಪನ್ನು ಮುಟ್ಟದಿರುವುದೇ ಲೇಸು. ಬಂಗಾರಕ್ಕೆ ಮಿಂಚು ಬೇಕು. ತೀರಾ ಬಿಳಿಯಾಗಿ ಕೆಲಸದ ಗೆರೆಯೇ ಅಳಿಸಿದ್ದರೆ ಮಾತ್ರ ಪಕ್ಕದ ಹಳದಿ ಎತ್ತಿ ಡಾರ್ಕನ್‌ನಲ್ಲಿ ತೆಳುವಾಗಿ ಬಳಿಯಿರಿ. ಬಿಳಿ ಕುಪ್ಯಕ್ಕೆ ಕರ್ವ್ಸ್‌ನಲ್ಲಿ ಬಿಳಿಯ ತುದಿಯನ್ನು 245ಕ್ಕೆ ಇಳಿಸಿದರೆ ಮುದ್ರಣದಲ್ಲಿ ಬರೀ ಕಾಗದವಾಗಿ ಕಾಣುವುದಿಲ್ಲ.

ಕೈಯಾಲೆಯ (ಮನೆಯ ಮುಂದಿನ ಜಗಲಿ) ಮೆಟ್ಟಿಲ ಮೇಲೆ ಒಕ್ಕದವರೆಲ್ಲ (ಒಂದೇ ಕುಲದವರು) ನಿಂತ ಗುಂಪು ಫೋಟೊದಲ್ಲಿ ಮುಂದಿನ ಸಾಲು ಬಿಳಿ, ಹಿಂದಿನ ಸಾಲು ಕಪ್ಪು. ಫ್ಲ್ಯಾಶ್‌ನಿಂದ ದೂರ ಇಮ್ಮಡಿಯಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಒಬ್ಬೊಬ್ಬರ ಮುಖ ತಿದ್ದುವ ಮೊದಲು ಕೆಳಗಿನಿಂದ ಮೇಲಕ್ಕೆ ಗ್ರೇಡಿಯಂಟ್ ಮಾಸ್ಕ್ ಹಾಕಿ ಮುಂದಿನ ಸಾಲಿನ ಎಕ್ಸ್‌ಪೋಶರ್ ಅರ್ಧ ಸ್ಟಾಪ್ ಇಳಿಸಿ. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಕೆಂಪು ಕಣ್ಣಿಗೆ ಫೋಟೊಶಾಪ್‌ನ ರೆಡ್ ಐ ಟೂಲ್, ಗಿಂಪ್‌ನ ರೆಡ್ ಐ ರಿಮೂವಲ್ ಎರಡೂ ಚೆನ್ನಾಗಿವೆ.

ಮೊಬೈಲ್‌ನಲ್ಲೇ ಆಗಬೇಕೆಂದರೆ ಸ್ನ್ಯಾಪ್‌ಸೀಡ್‌ನ ಸೆಲೆಕ್ಟಿವ್ ಬಳಸಿ. ಹೊಳಪಿನ ಮೇಲೆ ಬಿಂದು ಇಟ್ಟು, ಎರಡು ಬೆರಳಿನಿಂದ ಅದರ ವ್ಯಾಪ್ತಿ ಕುಗ್ಗಿಸಿ, ಬ್ರೈಟ್‌ನೆಸ್ ಮೈನಸ್ 20ರಿಂದ 30, ಸ್ಯಾಚುರೇಶನ್ ಪ್ಲಸ್ 15. ಪೂರ್ತಿ ಸುಟ್ಟ ಹಣೆಗೆ ಇದು ಸಾಲದು.

ಮುಂದಿನ ಸಲ ತೆಗೆಯುವಾಗ ಕಪ್ಪು ಕುಪ್ಯದವರಿಗೆ ಫ್ಲ್ಯಾಶ್ ಕಾಂಪೆನ್ಸೇಶನ್ ಮೈನಸ್ 0.7ರಿಂದ 1ರವರೆಗೆ ಇಡಿ, ಒಣ ಟಿಶ್ಯೂ ಕೊಟ್ಟು ಮುಖ ಒತ್ತಿಕೊಳ್ಳಲು ಹೇಳಿ. ಐನ್‌ಮನೆಯ ಮರದ ಮಾಳಿಗೆಗೆ ಫ್ಲ್ಯಾಶ್ ತಿರುಗಿಸಿದರೆ ಬೆಳಕು ಕಂದಾಗಿ, ಕ್ಷೀಣವಾಗಿ ಬರುತ್ತದೆ; ಪಕ್ಕದ ಸುಣ್ಣದ ಗೋಡೆಗೆ ತಿರುಗಿಸಿ.

ತಿದ್ದಿದ ಫೋಟೊವನ್ನು ಲೇಯರ್‌ಗಳ ಸಮೇತ ಒಂದು ಪ್ರತಿ ಉಳಿಸಿಕೊಂಡು, ಇನ್ನೊಂದನ್ನು ಎಸ್‌ಆರ್‌ಜಿಬಿ ಬಣ್ಣಪದ್ಧತಿಗೆ ಬದಲಿಸಿ ಗರಿಷ್ಠ ಗುಣಮಟ್ಟದ ಜೆಪೆಗ್ ಆಗಿ ಲ್ಯಾಬ್‌ಗೆ ಕಳಿಸಿ. ಮಾನಿಟರ್‌ನ ಬ್ರೈಟ್‌ನೆಸ್ ಪೂರ್ತಿ ಏರಿಸಿಟ್ಟು ತಿದ್ದಿದ್ದರೆ ಮುದ್ರಣದಲ್ಲಿ ಮುಖ ಕಪ್ಪಾಗಿ ಬರುತ್ತದೆ. ಹಾಗಾಗಿ 12×36ರ ಆಲ್ಬಂ ಹಾಳೆಗೆ ಹಣ ಕೊಡುವ ಮೊದಲು ಮುಖಗಳಷ್ಟನ್ನೇ ಕತ್ತರಿಸಿ ಜೋಡಿಸಿದ ಒಂದು 4×6 ಪ್ರಿಂಟ್ ಹಾಕಿಸಿ, ಕಿಟಕಿಯ ಬೆಳಕಿನಲ್ಲಿ ನೋಡಿ. ಬೂದು ಕಂಡರೆ ಕಲರ್ ಲೇಯರ್ ಏರಿಸಿ, ಚಪ್ಪಟೆ ಕಂಡರೆ ಡಾರ್ಕನ್ ಲೇಯರನ್ನು ಇನ್ನೂ ಹತ್ತು ಇಳಿಸಿ, ಮತ್ತೆ ಕಳಿಸಿ.